ಮಗುವಿನ ಆಪರೇಷನ್‌ನಲ್ಲಿ ಏನು ಅಪಾಯ ಅಂತ ಡಾಕ್ಟರ್‌ನ ಕೇಳುವುದು ತಪ್ಪಾ?

ತಪ್ಪಲ್ಲ. ಕೇಳಲೇಬೇಕು.

5 ವರ್ಷದ ಮಗನಿಗೆ ಟಾನ್ಸಿಲ್ ತೆಗೆಸಬೇಕು ಅಂದಿದ್ದಾರೆ, ಅಪಾಯ ಏನು ಅಂತ ಕೇಳಿದ್ದಕ್ಕೆ ಡಾಕ್ಟರ್ ‘ಚಿಕ್ಕ ಆಪರೇಷನ್ ಅಮ್ಮ, ಏನೂ ಆಗಲ್ಲ’ ಅಂದರು, ಮನೆಯಲ್ಲಿ ಅತ್ತೆ ‘ಬಿಡ್ತು ಅನ್ನು’ ಅಂದರು ಅಂತ ಬರೆದಿದ್ದೀರಿ. ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಇಎನ್‌ಟಿ (ಕಿವಿ, ಮೂಗು, ಗಂಟಲು) ವಾರ್ಡ್‌ನಲ್ಲಿ ಬಹಳ ವರ್ಷ ಇದ್ದೇನೆ. ಬೇಸಿಗೆ ರಜೆ ಬಂತು ಅಂದರೆ ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಟಾನ್ಸಿಲ್ ಮಕ್ಕಳು ಸಾಲಾಗಿ ಬರುತ್ತಾರೆ. ಹೆಚ್ಚಿನವರು ಚೆನ್ನಾಗಿಯೇ ಮನೆಗೆ ಹೋಗುತ್ತಾರೆ. ಆದರೂ ‘ಏನೂ ಆಗಲ್ಲ’ ಅನ್ನೋ ಮಾತನ್ನು ನಾನು ಒಪ್ಪಲ್ಲ.

ಯಾಕೆ ಅಂದರೆ ಅಪಾಯ ಆಸ್ಪತ್ರೆಯಲ್ಲೇ ಮುಗಿಯಲ್ಲ. ಟಾನ್ಸಿಲ್ ತೆಗೆದ ಜಾಗದಲ್ಲಿ ಮೊದಲ 24 ಗಂಟೆಯೊಳಗೆ ರಕ್ತ ಬರಬಹುದು. ಅದನ್ನು ನಾವು ನೋಡಿಕೊಳ್ಳುತ್ತೇವೆ. ಇನ್ನೊಂದು ಸಲ ಬರುವುದು 5ರಿಂದ 10ನೇ ದಿನದ ಸುಮಾರಿಗೆ, ಆಗ ಮಗು ಊರಲ್ಲಿರುತ್ತೆ. ನೂರರಲ್ಲಿ ಕೆಲವೇ ಮಕ್ಕಳಿಗೆ ಹೀಗಾಗುತ್ತೆ, ಆದರೆ ಆದಾಗ ಗುರುತು ಹಿಡಿಯಬೇಕಾದವರು ತಾಯಿ. ರಾತ್ರಿ ನಿದ್ದೆಯಲ್ಲಿ ಮಗು ಮೇಲಿಂದ ಮೇಲೆ ನುಂಗುತ್ತಾ ಇರುತ್ತೆ, ಗಂಟಲು ನೋವಿಗೆ ಇರಬೇಕು ಅಂತ ತಾಯಿ ಹೊದಿಕೆ ಸರಿಮಾಡಿ ಸುಮ್ನೆ ಮಲಗುತ್ತಾಳೆ. ಮಗು ನುಂಗುತ್ತಿರುವುದು ರಕ್ತ ಇರಬಹುದು ಅಂತ ಅವಳಿಗೆ ಯಾರೂ ಹೇಳಿರಲ್ಲ. ಗೊತ್ತಿದ್ದವಳಾದರೆ ಆಗಲೇ ಎಬ್ಬಿಸಿ, ಟಾರ್ಚ್ ಬಿಟ್ಟು ಬಾಯಿ ನೋಡಿ, ಬೆಳಗಾಗಲಿ ಅನ್ನದೆ ಗಾಡಿ ಮಾಡಿಸಿಕೊಂಡು ಬರುತ್ತಾಳೆ. ಗಂಟಲಲ್ಲಿ ಬರೀ ಬಿಳಿ ಪೊರೆ ಕಂಡರೆ ಹೆದರಬೇಡಿ, ಅದು ಗಾಯ ಮಾಯುವ ರೀತಿ.

ಖಾಲಿ ಹೊಟ್ಟೆಯ ವಿಷಯವೂ ಅಷ್ಟೇ. ಊಟ, ತಿಂಡಿ, ದನದ ಹಾಲು ಆಪರೇಷನ್‌ಗೆ 6 ತಾಸು ಮೊದಲೇ ನಿಲ್ಲಿಸಬೇಕು. ಕಾರಣ ಹೇಳದೆ ‘ಏನೂ ಕೊಡಬೇಡಿ’ ಅಂತ ಮಾತ್ರ ಹೇಳಿದರೆ ಅಜ್ಜಿ ಕರುಳು ಕೇಳುತ್ತಾ? ಮಗು ಅಳುತ್ತೆ ಅಂತ ಸೆರಗಿನ ಮರೆಯಲ್ಲಿ ಹಾಲಿಗೆ ಅದ್ದಿದ ಬನ್ ತಿನ್ನಿಸಿಬಿಡುತ್ತಾರೆ. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಯಾವ ಅಜ್ಜಿಯೂ ಕೊಡಲ್ಲ.

ನೆಗಡಿ ಕೆಮ್ಮು ಇದ್ದರೆ ರಜೆ ಮುಗಿದುಹೋಗುತ್ತೆ ಅಂತ ಮುಚ್ಚಿಡಬೇಡಿ, ಅರಿವಳಿಕೆ ಡಾಕ್ಟರ್‌ಗೆ ಹೇಳಿ. ಉಸಿರಿನ ದಾರಿ ಕೆರಳಿದ್ದಾಗ ಅರಿವಳಿಕೆಯ ತೊಂದರೆ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ಬೇಗ ನಿಲ್ಲಲ್ಲ ಅಂದರೆ ಅದನ್ನೂ ಹೇಳಿ. ಮನೆಯಲ್ಲಿ ಉಳಿದಿರೋ ಕೊಡೀನ್ ಇರುವ ಕೆಮ್ಮಿನ ಸಿರಪ್ ಮಾತ್ರ ಕೊಡಲೇಬೇಡಿ. ಕೆಲವು ಮಕ್ಕಳ ಮೈಯಲ್ಲಿ ಅದು ಬೇಗ ಮಾರ್ಫಿನ್ (ಉಸಿರನ್ನು ಕುಗ್ಗಿಸುವ ಬಲವಾದ ನೋವಿನ ಔಷಧಿ) ಆಗಿ ಉಸಿರು ನಿಂತ ಉದಾಹರಣೆ ಇದೆ, ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಟಾನ್ಸಿಲ್ ಆಪರೇಷನ್ ಆದ ಮಕ್ಕಳಿಗೆ ಕೊಡೀನ್ ಬೇಡ ಅಂತ ಎಚ್ಚರಿಕೆ ಕೊಟ್ಟಿತು.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಈಗಲೇ ಬೇಕಾ ಅಂತ. ಗಂಟಲು ಸೋಂಕು ಎಷ್ಟು ಸಲ ಬಂದರೆ ಆಪರೇಷನ್ ಅಂತ ಡಾಕ್ಟರುಗಳೇ ಇಟ್ಟುಕೊಂಡಿರೋ ಲೆಕ್ಕ ಇದೆ: ಒಂದು ವರ್ಷದಲ್ಲಿ 7 ಸಲ, ಇಲ್ಲ ಸತತ 2 ವರ್ಷ ವರ್ಷಕ್ಕೆ 5 ಸಲ, ಇಲ್ಲ 3 ವರ್ಷ ವರ್ಷಕ್ಕೆ 3 ಸಲ. ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕಾಯಬಹುದು, ಎಷ್ಟೋ ಮಕ್ಕಳಿಗೆ ಬೆಳೀತಾ ಕಡಿಮೆಯಾಗುತ್ತೆ. ಆದರೆ ಮಗ ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ಕಟ್ಟಿ ಒದ್ದಾಡುತ್ತಾನೆ ಅಂದರೆ ಈ ಲೆಕ್ಕ ಹಿಡಿಯಬೇಡಿ, ಅಲ್ಲಿ ಕಾಯುವುದೂ ಅಪಾಯವೇ. ಹಳೇ ಚೀಟಿಗಳನ್ನೆಲ್ಲ ಜೋಡಿಸಿಕೊಂಡು ಇನ್ನೊಬ್ಬ ಇಎನ್‌ಟಿ ಡಾಕ್ಟರ್‌ಗೂ ತೋರಿಸಿ. ಯಾರೂ ಬೇಜಾರು ಮಾಡಿಕೊಳ್ಳಬೇಕಾದ್ದಿಲ್ಲ.

ಸಹಿ ಮಾಡಿಸುವ ಫಾರಂ ಬಗ್ಗೆ ಒಂದು ಮಾತು. ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನು ಅಂತ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಎಂಬ ರೋಗಿಯ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆಪರೇಷನ್ ಕೋಣೆಯ ಬಾಗಿಲಲ್ಲಿ, ಮಗು ಅಳುತ್ತಿರುವಾಗ ಗಡಿಬಿಡಿಯಲ್ಲಿ ಸಹಿ ಹಾಕಬೇಡಿ. ಹಿಂದಿನ ದಿನವೇ ಫಾರಂ ಕೇಳಿ, ಕನ್ನಡದಲ್ಲಿ ಓದಿ ಹೇಳಿ ಅನ್ನಿ. ಡಿಸ್ಚಾರ್ಜ್ ದಿನ ರಾತ್ರಿ ಹೊತ್ತು ಫೋನ್ ಎತ್ತುವವರ ನಂಬರ್ ಬರೆಸಿಕೊಂಡು, ಅಲ್ಲೇ ನಿಂತು ಒಂದು ಸಲ ಕರೆ ಮಾಡಿ ನೋಡಿ.