ಬಾಕ್ಸ್ ಖಾಲಿಯಾಗಲ್ಲ, ಬೆಳಗ್ಗೆ ಹೊಟ್ಟೆನೋವು, ರಾತ್ರಿ ನಿದ್ದೆಯಿಲ್ಲ. ಮೂರನೇ ಕ್ಲಾಸಿನ ಮಗಳಿಗೆ ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಾಲ್ಕು ವರ್ಷದ ಹಿಂದಿನ ನಮ್ಮ ಮನೆ ನೆನಪಾಯಿತು. ನಿಮ್ಮದು ಎಂಟು ವರ್ಷದ ಮಗಳು. ಊಟದ ಬಾಕ್ಸ್ ಅರ್ಧ ವಾಪಸ್ ಬರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು, ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚಲ್ಲ. ಸಂಜೆ ಅಬಾಕಸ್, ವಾರಕ್ಕೆರಡು ದಿನ ಭರತನಾಟ್ಯ, ಉಳಿದ ಹೊತ್ತು ಮೊಬೈಲ್. ಹೆಲ್ತ್ ಡ್ರಿಂಕ್ ಬದಲಾಯಿಸಲೇ, ಕೌನ್ಸೆಲರ್ ಹತ್ತಿರ ಹೋಗಲೇ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಮೈಸೂರಿನಲ್ಲಿ ಎರಡು ಮಕ್ಕಳನ್ನು ಸಾಕುತ್ತಿರುವ ತಾಯಿ ಅಷ್ಟೇ. ಮಗ ಈಗ ಏಳನೇ ಕ್ಲಾಸ್, ಮಗಳು ನಾಲ್ಕನೇ ಕ್ಲಾಸ್. ನಾನು ಹೇಳುವುದು ಒಂದೇ: ಸದ್ಯಕ್ಕೆ ಮಗುವನ್ನು ವಿಚಾರಿಸುವುದು ಬಿಡಿ, ಸಂಜೆ ಅವಳ ಬ್ಯಾಗ್ ಬಿಚ್ಚಿ ನೋಡಿ. 'ಸ್ಕೂಲಲ್ಲಿ ಏನಾಯ್ತು' ಅಂದರೆ 'ಏನಿಲ್ಲ' ಅಂತಲೇ ಉತ್ತರ ಬರುತ್ತದೆ ಅಲ್ವಾ? ಬ್ಯಾಗ್ ಸುಳ್ಳು ಹೇಳಲ್ಲ.

ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಮೂರು ವಾರ ಬಾಕ್ಸ್ ತುಂಬಿದ್ದು ತುಂಬಿದಂತೆಯೇ ವಾಪಸ್ ಬಂತು. ಪರೋಟ ಮಾಡಿದೆ, ಪಾಸ್ತಾ ಮಾಡಿದೆ, ಚಪಾತಿಗೆ ಜಾಮ್ ಸವರಿ ಸುತ್ತಿ ಕೊಟ್ಟೆ. ಬೈದದ್ದಕ್ಕಂತೂ ಲೆಕ್ಕವಿಲ್ಲ. ಒಂದು ಭಾನುವಾರ ಅದೇ ಬಾಕ್ಸಿನಲ್ಲಿ ಚಿತ್ರಾನ್ನ ಹಾಕಿಕೊಂಡು ಕಾರಂಜಿ ಕೆರೆಗೆ ಹೋಗಿದ್ದೆವು. ಹಸಿವು ಅಂತ ಅವನೇ ಬಾಕ್ಸ್ ತೆಗೆದುಕೊಂಡ. ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ತುಟಿ ಕಚ್ಚಿಕೊಂಡು, ಮುಖವೆಲ್ಲ ಕೆಂಪಾಗುವ ಹಾಗೆ ಮುಚ್ಚಳ ತಿರುಗಿಸುತ್ತಿದ್ದಾನೆ. ಬರುತ್ತಿಲ್ಲ. ಸಾಂಬಾರ್ ಸೋರಬಾರದು ಅಂತ ನಾನೇ ಹುಡುಕಿ ತಂದ, ರಬ್ಬರ್ ರಿಂಗಿನ ಬಾಕ್ಸ್ ಅದು. ಮಿಸ್ ಹತ್ತಿರ ಯಾಕೆ ಕೇಳಲಿಲ್ಲ ಅಂದರೆ, 'ಅದೆಲ್ಲ ಒಂದನೇ ಕ್ಲಾಸಿನವರು ಕೇಳ್ತಾರೆ' ಅಂದ. ಮರುದಿನ ಹಳೇ ಸ್ಟೀಲ್ ಡಬ್ಬಿ ಕೊಟ್ಟೆ. ಖಾಲಿಯಾಗಿ ಬಂತು. ಪಾಸ್ತಾ ಮಾಡಲು ಬೆಳಗ್ಗೆ ಐದಕ್ಕೆ ಎದ್ದದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಊಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ ಅಂತಲೂ ವಿಚಾರಿಸಿ. ನಮ್ಮಲ್ಲಿ ಇಪ್ಪತ್ತು ನಿಮಿಷ. ಕೈ ತೊಳೆಯುವ ಸಾಲು, ಜಾಗ ಹುಡುಕುವುದು ಎಲ್ಲ ಕಳೆದು ಹತ್ತು ನಿಮಿಷ ಉಳಿದರೆ ಪುಣ್ಯ. ಅಷ್ಟರಲ್ಲಿ ಚಮಚ ಹಿಡಿದು ಅನ್ನ ಸಾಂಬಾರ್ ಮುಗಿಸುವುದು ಎಂಟು ವರ್ಷದ ಮಗುವಿಗೆ ಕಷ್ಟ. ತುಂಡು ಮಾಡಿದ ಅಕ್ಕಿರೊಟ್ಟಿ, ಪುಟ್ಟ ಇಡ್ಲಿ, ನುಗ್ಗೆಸೊಪ್ಪು ಹಾಕಿದ ರಾಗಿರೊಟ್ಟಿ, ಹೀಗೆ ಕೈಲಿ ಹಿಡಿದು ತಿನ್ನುವಂಥದ್ದು ಕೊಡಿ. ಸೊಪ್ಪು ಕಾಳು ಇದ್ದರೆ ಸ್ವಲ್ಪ ನಿಂಬೆಹಣ್ಣು ಹಿಂಡಿ, ಅದರ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಟೀ ಕೊಟ್ಟರೆ ಉಲ್ಟಾ.

ಇನ್ನು ನೀರಿನ ಬಾಟಲಿ. ನನ್ನ ಪ್ರಕಾರ ಬಾಕ್ಸಿಗಿಂತ ಇದೇ ಮುಖ್ಯ. ನನ್ನ ಮಗಳಿಗೂ ಬೆಳಗ್ಗೆ ಹೊಟ್ಟೆನೋವು ಬರುತ್ತಿತ್ತು. ನಾಟಕ ಅಂದುಕೊಂಡಿದ್ದೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ 'ಮೋಷನ್ ದಿನಾ ಆಗುತ್ತಾ?' ನನಗೆ ಗೊತ್ತೇ ಇರಲಿಲ್ಲ. ಒಬ್ಬಳೇ ಹೋಗಿ ಬರುವುದು ಕಲಿತ ಮೇಲೆ ಯಾರು ಕೇಳುತ್ತಾರೆ? ಆಮೇಲೆ ಬಾಟಲಿ ನೋಡಿದರೆ, ಬೆಳಗ್ಗೆ ತುಂಬಿದ ನೀರು ಸಂಜೆಗೂ ಹಾಗೇ ಇದೆ. ಸ್ಕೂಲಿನ ಟಾಯ್ಲೆಟ್ ಬಾಗಿಲಿಗೆ ಚಿಲಕ ಇರಲಿಲ್ಲ. ಹೋಗಲೇಬಾರದು ಅಂತ ಇವಳು ನೀರನ್ನೇ ಕುಡಿಯುತ್ತಿರಲಿಲ್ಲ. ದಿನವಿಡೀ ತಡೆದುಕೊಂಡರೆ ಮಲಬದ್ಧತೆ ಆಗದೆ ಇನ್ನೇನು? ಉರಿಮೂತ್ರದ ಸೋಂಕೂ ಹೀಗೇ ಬರುತ್ತದೆ. ನಾವು ನಾಲ್ಕೈದು ಅಮ್ಮಂದಿರು ಹೋಗಿ ಜಗಳವಿಲ್ಲದೆ ಮಾತಾಡಿದೆವು, ವಾರದೊಳಗೆ ಚಿಲಕ ಬಂತು. ಮನೆಯಲ್ಲಿ ತಿಂಡಿ ಆದ ಮೇಲೆ, ಕಾಲ ಕೆಳಗೆ ಒಂದು ಸ್ಟೂಲ್ ಇಟ್ಟು, ಹತ್ತು ನಿಮಿಷ ಅವಸರವಿಲ್ಲದೆ ಕೂರಿಸುವುದು ಶುರು ಮಾಡಿದೆ. ಪರಂಗಿ ಹಣ್ಣು, ಸೊಪ್ಪು ಜಾಸ್ತಿ ಮಾಡಿದೆ. ಹೊಟ್ಟೆನೋವು ನಿಧಾನಕ್ಕೆ ಹೋಯಿತು.

ಆದರೆ ನೋವಿಗೆ ರಾತ್ರಿ ನಿದ್ದೆಯಿಂದ ಎದ್ದರೆ, ತೂಕ ಇಳಿದರೆ, ಜ್ವರ ಅಥವಾ ಮಲದಲ್ಲಿ ರಕ್ತ ಕಂಡರೆ ಇದೆಲ್ಲ ಪ್ರಯೋಗ ಬೇಡ, ಸೀದಾ ಡಾಕ್ಟರ್ ಹತ್ತಿರ ಹೋಗಿ. ಸ್ಕೂಲಿರುವ ದಿನ ಮಾತ್ರ ನೋವು ಅಂತಾದರೆ, ಪಕ್ಕದಲ್ಲಿ ಯಾರು ಕೂರುತ್ತಾರೆ, ವ್ಯಾನಿನಲ್ಲಿ ಯಾರಿರುತ್ತಾರೆ ಅನ್ನುವುದನ್ನೂ ಮಾತಿನ ನಡುವೆ ಸುಮ್ನೆ ತಿಳಿದುಕೊಳ್ಳಿ.

ಬ್ಯಾಗನ್ನೂ ಒಮ್ಮೆ ತೂಗಿ. 2019ರ ಕರ್ನಾಟಕ ಸರ್ಕಾರದ ಆದೇಶದ ಪ್ರಕಾರ ಮೂರರಿಂದ ಐದನೇ ಕ್ಲಾಸಿನವರ ಬ್ಯಾಗ್ 2ರಿಂದ 3 ಕೆ.ಜಿ. ಇರಬೇಕು. ಹಳೇ ಪೇಪರಿನವನ ತಕ್ಕಡಿಗೆ ನೇತು ಹಾಕಿದರೆ ನಮ್ಮದು 5 ಕೆ.ಜಿ. ದಾಟಿತ್ತು. ಬೇಡದ ಪುಸ್ತಕಗಳೇ ಜಾಸ್ತಿ. ಟೈಮ್‌ಟೇಬಲ್ ನೋಡಿ ಅವಳೇ ಜೋಡಿಸಿಕೊಳ್ಳಲಿ.

ನಿದ್ದೆಯ ಲೆಕ್ಕ ಸುಲಭ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಆರೂವರೆಗೆ ಎದ್ದರೆ ಸಿಗುವುದು ಏಳೂವರೆ ಗಂಟೆ. ಬೆಳಗ್ಗೆ ತಿಂಡಿ ಸೇರದಿರುವುದು, ಸಿಡಿಮಿಡಿ, ಓದಿದ್ದು ತಲೆಗೆ ಹತ್ತದಿರುವುದು, ಅರ್ಧ ಇಲ್ಲಿಂದಲೇ. ಒಂದೇ ದಿನಕ್ಕೆ ಒಂಬತ್ತಕ್ಕೆ ಮಲಗಿಸಲು ಹೋದರೆ ಸೋಲುತ್ತೀರಿ. ನಾವು ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತಂದೆವು. ಊಟ ಏಳೂವರೆಗೆ ಆಯಿತು, ಮೊಬೈಲುಗಳೆಲ್ಲ ಎಂಟಕ್ಕೆ ಅಡುಗೆಮನೆಯ ಕಪಾಟು ಸೇರಿದವು, ನನ್ನದೂ ಸೇರಿ. ಎಲ್ಲಕ್ಕಿಂತ ಕಷ್ಟವಾದದ್ದು ಅತ್ತೆಯ ಒಂಬತ್ತು ಗಂಟೆ ಸೀರಿಯಲ್ ವಾಲ್ಯೂಮ್ ಕಮ್ಮಿ ಮಾಡಿಸುವುದು. ಅದರ ಕಥೆ ಇಲ್ಲಿ ಬೇಡ.

ಈ ಹೊತ್ತು ಎಲ್ಲಿಂದ ಬರಬೇಕು? ನಾನಾದರೆ ಅಬಾಕಸ್ ಬಿಡಿಸುತ್ತೇನೆ. ಸಿಟ್ಟಾಗಬೇಡಿ. ಕ್ಲಾಸ್ ರದ್ದು ಅಂದ ದಿನ ಅವಳು ಕುಣಿದಾಡುತ್ತಾಳೋ, ಮುಖ ಸಪ್ಪಗೆ ಮಾಡುತ್ತಾಳೋ ನೋಡಿ, ಯಾವುದು ಬೇಕು ಅಂತ ಗೊತ್ತಾಗುತ್ತದೆ. ಭರತನಾಟ್ಯ ಇಷ್ಟವಿದ್ದರೆ ಇರಲಿ, ಮೈಗೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಆಟ. ಕುಂಟೆಬಿಲ್ಲೆ, ಲಗೋರಿ, ಸೈಕಲ್, ಏನಾದರೂ ಸರಿ, ಬಯಲಲ್ಲಿ ಆದರೆ ಇನ್ನೂ ಚೆನ್ನ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹೊಸದಾಗಿ ದೂರದ್ದು ಮಸುಕಾದವರು ಸುಮಾರು 30%, ಹಾಗೆ ಬಿಡದ ಶಾಲೆಗಳಲ್ಲಿ 40% ಹತ್ತಿರ. ಕನ್ನಡಕ ಬೇಗ ಬರದಿರಲು ಬಿಸಿಲೂ ಒಂದು ಔಷಧಿ ಅನ್ನಿ.

ಹೆಲ್ತ್ ಡ್ರಿಂಕ್ ಡಬ್ಬಿಯ ಹಿಂಭಾಗ ತಿರುಗಿಸಿ ಸಕ್ಕರೆ ಎಷ್ಟಿದೆ ನೋಡಿ, ಆಮೇಲೆ ನೀವೇ ತೀರ್ಮಾನ ಮಾಡಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಹುರಿಹಿಟ್ಟಿಗೆ ಹಾಲು, ಚೂರು ಬೆಲ್ಲ ಹಾಕಿ ಕೊಟ್ಟರೆ ನನ್ನ ಮಗಳು ಬೆರಳು ಹಾಕಿ ಲೋಟ ಬಳಿಯುತ್ತಾಳೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಸ್ಕೂಲಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ, ಅದನ್ನು ತಪ್ಪಿಸಬೇಡಿ.

ಕೌನ್ಸೆಲರ್ ಹತ್ತಿರ ಹೋಗುವುದು ತಪ್ಪೇನಲ್ಲ. ಅವಳು ಹೆದರಿದ ಹಾಗೆ ಕಂಡರೆ ಈಗಲೇ ಹೋಗಿ. ಇಲ್ಲದಿದ್ದರೆ ಒಂದು ತಿಂಗಳು ಹೀಗೆ ಮಾಡಿ ನೋಡಿ, ಬದಲಾಗದಿದ್ದರೆ ಆಗ ಹೋಗಿ. ಅಂದ ಹಾಗೆ, ನಿಮ್ಮ ಬಾಕ್ಸಿನ ಮುಚ್ಚಳ ಎಂಥದ್ದು? ನಾಳೆ ಅವಳ ಕೈಲೇ ಒಂದು ಸಲ ತೆಗೆಸಿ ನೋಡಿ, ಇಲ್ಲೇ ಬರೆಯಿರಿ.