ಸಂಪಾದಕರ ಉತ್ತರ: ಕೇಸು ಹಾಕಿ ಕೈಸುಟ್ಟುಕೊಂಡ ಪತ್ರಿಕೆ

ಓದುಗರ ಪತ್ರ: ನಿಮ್ಮ ಪತ್ರಿಕೆಯ ಪಿಡಿಎಫ್, ಸಂಚಿಕೆ ಬಂದ ದಿನವೇ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಬರುತ್ತದೆ. ಹಾಗಾದರೆ ಚಂದಾ ಕಟ್ಟಿದ ನಾನು ದಡ್ಡನೇ? ನಾಲ್ಕು ಜನರ ಮೇಲೆ ಕಾಪಿರೈಟ್ ಕೇಸು ಜಡಿಯಿರಿ, ಉಳಿದವರು ತೆಪ್ಪಗಾಗುತ್ತಾರೆ. ನನ್ನ ತಂಗಿಯ ಮಗ ವಕೀಲ. ಫೀಸು ಬೇಡ, ಬಂದ ಪರಿಹಾರದಲ್ಲಿ ಅರ್ಧ ಕೊಟ್ಟರೆ ಸಾಕು ಅನ್ನುತ್ತಾನೆ. ಅಮೆರಿಕದಲ್ಲಾಗಿದ್ದರೆ ಸುಮ್ಮನೆ ಬಿಡುತ್ತಿದ್ದರೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅಮೆರಿಕದ ಮಾತು ನೀವೇ ಎತ್ತಿದಿರಿ. ಅಲ್ಲಿ ಒಂದು ಪತ್ರಿಕೆ ಹೆಚ್ಚುಕಡಿಮೆ ನೀವು ಹೇಳಿದ್ದನ್ನೇ ಮಾಡಿತ್ತು. ಅರ್ಧ ಪಾಲಿನ ಲೆಕ್ಕವೂ ಅದೇ!

ಪತ್ರಿಕೆ ಲಾಸ್ ವೇಗಸ್‌ನ 'ರಿವ್ಯೂ-ಜರ್ನಲ್'. ವರ್ಷ 2010. ಅದರ ಪ್ರಕಾಶಕರು ತಮ್ಮ ಅಂಕಣದಲ್ಲಿ ಹಳೆಯ ಕಾರ್ವೆಟ್ ಕಾರಿನ ಉದಾಹರಣೆ ಕೊಟ್ಟಿದ್ದರು. ನನ್ನ ಕಾರನ್ನು ನಿಂತು ನೋಡಿದರೆ ಬೇಜಾರಿಲ್ಲ, ಓಡಿಸಿಕೊಂಡು ಹೋದರೆ ಬಿಡಲ್ಲ ಅನ್ನುವ ಅರ್ಥದಲ್ಲಿ. ಇಲ್ಲಿಯವರೆಗೆ ನಾನೂ ಅವರ ಪಕ್ಷವೇ.

ಎಡವಿದ್ದು ಅದರ ಮುಂದೆ. ಅದೇ ಊರಿನ ವಕೀಲ ಸ್ಟೀವ್ ಗಿಬ್ಸನ್, ರೈಟ್‌ಹೇವನ್ ಎಂಬ ಕಂಪನಿ ಶುರು ಮಾಡಿದರು. ಅದರ ಕಸುಬು ಕೇಸು ಹಾಕುವುದು, ಅಷ್ಟೇ. ಪತ್ರಿಕೆಯ ಬರಹ ಬೇರೆಯವರ ವೆಬ್‌ಸೈಟಿನಲ್ಲಿ ಎಲ್ಲಿದೆ ಅಂತ ಹುಡುಕುವುದು, ಸಿಕ್ಕ ಮೇಲೆ ಆ ಬರಹದ ಕಾಪಿರೈಟನ್ನು ತನ್ನ ಹೆಸರಿಗೆ ಬರೆಸಿಕೊಳ್ಳುವುದು, ಆಮೇಲೆ ನೇರ ಕೋರ್ಟು. 'ತೆಗೆದುಹಾಕಿ' ಅಂತ ಒಂದು ಮಾತು ಮೊದಲೇ ಹೇಳುವುದೂ ಇಲ್ಲ. ಬೇಡಿಕೆ 1,50,000 ಡಾಲರ್‌ವರೆಗೆ, ಅಂದರೆ ಆಗಿನ ಲೆಕ್ಕದಲ್ಲಿ 65 ಲಕ್ಷ ರೂಪಾಯಿಗೂ ಜಾಸ್ತಿ. ಜೊತೆಗೆ ನಿಮ್ಮ ಸೈಟಿನ ವಿಳಾಸವನ್ನೂ, ಅಂದರೆ ಡೊಮೈನ್ ಹೆಸರನ್ನೂ, ಬಿಟ್ಟುಕೊಡಿ ಅನ್ನುತ್ತಿದ್ದರು. ಹೆದರಿದವರು ಕೆಲವು ಸಾವಿರ ಡಾಲರ್ ಕೊಟ್ಟು ರಾಜಿಯಾದರು. ಸುಮಾರು ಒಂದೂವರೆ ವರ್ಷದಲ್ಲಿ 270ಕ್ಕೂ ಹೆಚ್ಚು ಕೇಸು ಬಿದ್ದವು.

ಸಿಕ್ಕಿಬಿದ್ದವರು ಯಾರು? ದೊಡ್ಡ ಕಳ್ಳರಲ್ಲ. ಹವ್ಯಾಸಕ್ಕೆ ಬರೆಯುವವರು, ಸೇವಾ ಸಂಸ್ಥೆಗಳು, ಪತ್ರಿಕೆಯ ಸುದ್ದಿಯನ್ನು ಮೆಚ್ಚಿ ನಾಲ್ಕು ಜನರಿಗೆ ತೋರಿಸಿದವರು. ಇನ್ನೊಂದು ಪತ್ರಿಕಾ ಗುಂಪು, 'ಡೆನ್ವರ್ ಪೋಸ್ಟ್'ನವರದ್ದು, ಇದೇ ದಾರಿ ಹಿಡಿಯಿತು. ಜನ ರೇಗಿದರು. ಆ ಪತ್ರಿಕೆಗಳ ಕೊಂಡಿ ಕೊಡುವುದನ್ನೇ ಕೆಲವರು ನಿಲ್ಲಿಸಿದರು.

ಆದರೆ ರೈಟ್‌ಹೇವನ್ ಮುಳುಗಿದ್ದು ಜನರ ಕೋಪದಿಂದಲ್ಲ, ತನ್ನದೇ ಒಪ್ಪಂದದಿಂದ. 'ಡೆಮಾಕ್ರಟಿಕ್ ಅಂಡರ್‌ಗ್ರೌಂಡ್' ಎಂಬ ಸೈಟಿನಲ್ಲಿ ಒಬ್ಬ ಸದಸ್ಯರು 50 ವಾಕ್ಯಗಳ ಒಂದು ವರದಿಯ 5 ವಾಕ್ಯ ಹಾಕಿ, ಪತ್ರಿಕೆಯ ಕೊಂಡಿಯನ್ನೂ ಕೊಟ್ಟಿದ್ದರು. ಅದಕ್ಕೂ ಕೇಸು! ಸೈಟಿನವರು ರಾಜಿಗೆ ಬಗ್ಗಲಿಲ್ಲ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್ ಅವರ ಬೆನ್ನಿಗೆ ನಿಂತಿತು. ಪತ್ರಿಕೆಯ ಮಾಲೀಕರಿಗೂ ರೈಟ್‌ಹೇವನ್‌ಗೂ ಆಗಿದ್ದ ಗುಟ್ಟಿನ ಒಪ್ಪಂದವನ್ನು ಕೋರ್ಟಿನ ಮುಂದೆ ಇಡಬೇಕಾಯಿತು. ನೋಡಿದರೆ, ಬರಹದ ಹಕ್ಕೆಲ್ಲ ಮಾಲೀಕರ ಹತ್ತಿರವೇ ಇತ್ತು. ರೈಟ್‌ಹೇವನ್‌ಗೆ ಕೊಟ್ಟಿದ್ದು ಬರೀ ಕೇಸು ಹಾಕುವ ಅಧಿಕಾರ. ಬಂದ ದುಡ್ಡಲ್ಲಿ ಖರ್ಚು ಕಳೆದು ಅರ್ಧ ಅರ್ಧ.

ಅಲ್ಲಿನ ಕಾನೂನಿನಲ್ಲಿ ಇದು ನಡೆಯುವುದಿಲ್ಲ. ಬರಹದ ಮೇಲೆ ನಿಜವಾದ ಹಕ್ಕಿದ್ದವರು ಮಾತ್ರ ಕಾಪಿರೈಟ್ ದಾವೆ ಹೂಡಬಹುದು. 2011ರ ಜೂನ್‌ನಲ್ಲಿ ನ್ಯಾಯಾಧೀಶ ರೋಜರ್ ಹಂಟ್, ನಾವೇ ಹಕ್ಕುದಾರರು ಎಂಬ ಕಂಪನಿಯ ಮಾತು ಕಣ್ಣಿಗೆ ರಾಚುವ ಸುಳ್ಳು ಎಂದು ಕಟುವಾಗಿ ಬರೆದರು. ದುಡ್ಡಿನಲ್ಲಿ ಪತ್ರಿಕೆಯ ಪಾಲಿರುವುದನ್ನು ಮುಚ್ಚಿಟ್ಟಿದ್ದಕ್ಕೆ 5,000 ಡಾಲರ್ ದಂಡವೂ ಬಿತ್ತು. ಇನ್ನೊಂದು ಕೇಸಿನಲ್ಲಿ ಗೆದ್ದ ಓದುಗರೊಬ್ಬರಿಗೆ ವಕೀಲರ ಖರ್ಚು ಅಂತ 34,000 ಡಾಲರ್ ಕೊಡಬೇಕಾಯಿತು. ಕಂಪನಿ ಕೊಡಲಿಲ್ಲ. ಕೊನೆಗೆ, ಬೇರೆಯವರ ಸೈಟಿನ ವಿಳಾಸ ಕಿತ್ತುಕೊಳ್ಳಲು ಹೊರಟಿದ್ದ ರೈಟ್‌ಹೇವನ್‌ನ ಸ್ವಂತ ವಿಳಾಸವೇ ಹರಾಜಾಯಿತು, 3,300 ಡಾಲರ್‌ಗೆ. 'ಡೆನ್ವರ್ ಪೋಸ್ಟ್' ಗುಂಪಿಗೆ ಬಂದ ಹೊಸ ಮುಖ್ಯಸ್ಥರು ಇದು ಮೊದಲಿನಿಂದಲೂ ಪೆದ್ದ ಯೋಚನೆ ಅಂದು ಕೈ ತೊಳೆದುಕೊಂಡರು. 2013ರಲ್ಲಿ ಮೇಲ್ಮನವಿ ಕೋರ್ಟೂ, ಇವರಿಗೆ ದಾವೆ ಹೂಡುವ ಹಕ್ಕಿಲ್ಲ ಎಂಬ ತೀರ್ಪನ್ನು ಎತ್ತಿಹಿಡಿಯಿತು.

ಈಗ ನಮ್ಮ ವಿಷಯ. ವಿಮರ್ಶೆಗೆ, ಚರ್ಚೆಗೆ ನಮ್ಮ ಬರಹದ ಒಂದಷ್ಟು ಸಾಲು ಬಳಸಿದರೆ ಅದು ಕಳ್ಳತನವಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಮು ಅದಕ್ಕೆ ಜಾಗ ಕೊಟ್ಟಿದೆ. 60ನೇ ಕಲಮನ್ನೂ ನಿಮ್ಮ ತಂಗಿಯ ಮಗನಿಗೆ ತೋರಿಸಿ. ಆಧಾರವಿಲ್ಲದೆ ಕಾಪಿರೈಟ್ ಹೆಸರಲ್ಲಿ ಹೆದರಿಸಿದರೆ, ಹೆದರಿಸಿದವರ ಮೇಲೆಯೇ ದಾವೆ ಹೂಡಿ ನಷ್ಟ ಕೇಳಬಹುದು. ಗೆದ್ದರೆ ಅರ್ಧ ಪಾಲು ಅಂತ ವಕೀಲರು ಮಾತಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಇದು ಅವರಿಗೆ ಗೊತ್ತಿರಲೇಬೇಕು, ಅಲ್ವಾ?

ಇಡೀ ಸಂಚಿಕೆ ಹಂಚುವುದು ಬೇರೆ ಮಾತು. ಅದು ತಪ್ಪೇ. ನಿಮ್ಮ ಗುಂಪಿನ ಅಡ್ಮಿನ್‌ಗೆ ನಾವೇ ಬರೆಯುತ್ತೇವೆ, ತೆಗೆಯಿರಿ ಅಂತ ಕೇಳುತ್ತೇವೆ. ನಮ್ಮ ಪಿಡಿಎಫ್ ಮಾರಿ ದುಡ್ಡು ಮಾಡುವವರು ಸಿಕ್ಕರೆ ನೋಟಿಸು ಖಂಡಿತ ಹೋಗುತ್ತದೆ, ನಮ್ಮದೇ ಹೆಸರಿನಲ್ಲಿ, ನಮ್ಮದೇ ಖರ್ಚಿನಲ್ಲಿ. ಅಂಥವರು ಕಂಡರೆ ತಿಳಿಸಿ.