10 ಲಕ್ಷ ಎಂಬುದು 25 ವರ್ಷದ ನಂತರ ಎಷ್ಟು?

ನಿಮ್ಮ ಪ್ರಶ್ನೆ: ಈಗಿನ 10 ಲಕ್ಷಕ್ಕೆ 25 ವರ್ಷ ಬಿಟ್ಟು ಎಷ್ಟು ಬೆಲೆ ಇರುತ್ತದೆ?

ಬಾಯಿಲೆಕ್ಕ ಸುಲಭ. 72ನ್ನು ಬೆಲೆ ಏರಿಕೆಯ ಶೇಕಡಾದಿಂದ ಭಾಗಿಸಿ. ಶೇ 6 ಆದರೆ 12 ವರ್ಷಕ್ಕೆ ಸಾಮಾನಿನ ಬೆಲೆ ಎರಡು ಪಟ್ಟು, 24 ವರ್ಷಕ್ಕೆ ನಾಲ್ಕು ಪಟ್ಟು. ಅಂದರೆ ಕಪಾಟಿನಲ್ಲಿಟ್ಟ 10 ಲಕ್ಷಕ್ಕೆ ಈಗಿನ ಎರಡೂವರೆ ಲಕ್ಷದ ಸಾಮಾನು ಬರುತ್ತದೆ. ರಿಸರ್ವ್ ಬ್ಯಾಂಕಿನ ಗುರಿ ಶೇ 4. ಅದು ನಿಜ ಆದರೂ 18 ವರ್ಷಕ್ಕೆ ಅರ್ಧ.

ನನಗೆ ಇದು ಅರ್ಥ ಆದದ್ದು ಮನೆಯಲ್ಲೇ. ನಮ್ಮದು ಬದಿಯಡ್ಕ ಕಡೆ, ಅಡಿಕೆ ತೋಟ. ತಂಗಿ ಹುಟ್ಟಿದ ವರ್ಷ, 2001ರಲ್ಲಿ, ಅಪ್ಪ ಅವಳ ಮದುವೆಗೆಂದು 24 ವರ್ಷದ ಒಂದು ವಿಮೆ ಮಾಡಿಸಿದರು. 'ಕೊನೆಗೆ ಎರಡೂವರೆ ಲಕ್ಷ ಸಿಗ್ತದೆ, ಮದುವೆಯೇ ಮುಗೀತದೆ' ಎಂದಿದ್ದರು ಏಜೆಂಟ್. ಸುಳ್ಳು ಹೇಳಿರಲಿಲ್ಲ ಮಾರಾಯ್ರೆ, ಅಷ್ಟೂ ಬಂತು. ಆದರೆ ಆದಾಯ ತೆರಿಗೆಯವರ ಬೆಲೆ ಸೂಚ್ಯಂಕ, ಅಂದರೆ ಬೆಲೆ ಎಷ್ಟು ಏರಿತು ಎಂದು ತೋರಿಸುವ ಅಂಕೆ, 2001-02ಕ್ಕೆ 100, 2025-26ಕ್ಕೆ 376. ಆ ಲೆಕ್ಕದಲ್ಲಿ ಬಂದದ್ದು 2001ರ 66 ಸಾವಿರ. ಅದೂ ಆ ಸೂಚ್ಯಂಕ ಬೆಲೆ ಏರಿಕೆಯ ಮುಕ್ಕಾಲು ಪಾಲನ್ನು ಮಾತ್ರ ಹಿಡಿಯುತ್ತದೆ. ದುಡ್ಡು ಹಾಲ್ ಬಾಡಿಗೆಗೂ ಊಟಕ್ಕೂ ಸರಿಹೋಯಿತು. ಚಿನ್ನಕ್ಕೆ ಬೇರೆ ಸಾಲ.

ಅಪ್ಪನ ತೋಟದ ಲೆಕ್ಕದ ಪುಸ್ತಕ ಇನ್ನೂ ಇದೆ, ಮೂಲೆ ಗೆದ್ದಲು ತಿಂದಿದೆ. 2001ರ ಪುಟದಲ್ಲಿ ಗಂಡಾಳಿನ ದಿನದ ಸಂಬಳ 110. ಈಗ ನಾವು 900 ಕೊಡುತ್ತೇವೆ, ಚಾಯ ತಿಂಡಿ ಬೇರೆ. ಎಂಟು ಪಟ್ಟು! ಸರ್ಕಾರದ ಸೂಚ್ಯಂಕ ನಾಲ್ಕು ಪಟ್ಟೂ ಆಗಿಲ್ಲ. ಅದೇ ಗಲ್ಫಿನಲ್ಲಿದ್ದ ಮಾವನಿಗೆ ಫೋನ್ ಮಾಡುವಾಗ ಬೂತಿನ ಮೀಟರ್ ನೋಡುತ್ತಾ ಮಾತಾಡುತ್ತಿದ್ದೆವು, ಈಗ ವಾಟ್ಸಾಪಿನಲ್ಲಿ ಗಂಟೆಗಟ್ಟಲೆ ಹರಟೆ. ಎಲ್ಲದರ ಬೆಲೆ ಒಂದೇ ಥರ ಏರುವುದಿಲ್ಲ, ಅಲ್ವಾ? ನೀವು ಯಾವುದಕ್ಕೆ ಜಾಸ್ತಿ ಖರ್ಚು ಮಾಡುತ್ತೀರೋ ಅದರ ಏರಿಕೆಯೇ ನಿಮ್ಮ ಸೂಚ್ಯಂಕ.

ಇನ್ನೊಂದು ತಮಾಷೆ. ಅದೇ ಪುಟದಲ್ಲಿ ಅಡಿಕೆ ಕಿಲೋಗೆ 45. ಆಗ ಒಂದು ಆಳಿನ ಸಂಬಳಕ್ಕೆ ಎರಡೂವರೆ ಕಿಲೋ ಅಡಿಕೆ ಮಾರಬೇಕಿತ್ತು, ಈಗ ಎರಡು ಕಿಲೋ ಸಾಕು. ಅಂದರೆ ಸಣ್ಣದಾದದ್ದು ನೋಟು, ಅಡಿಕೆ ಅಲ್ಲ. ಹಾಗಂತ ಅಡಿಕೆಯನ್ನು ನಂಬಿ ಕೂರಬೇಡಿ. 2001 ನಮ್ಮಲ್ಲಿ ರೇಟು ಬಿದ್ದ ವರ್ಷ. ಅದಕ್ಕೆ ಎರಡು ವರ್ಷ ಹಿಂದೆ ಕಿಲೋಗೆ ನೂರರ ಮೇಲಿತ್ತು.

'ನಮ್ಮ ಕಾಲದಲ್ಲಿ ಪೋಸ್ಟಾಫೀಸಿನಲ್ಲಿ ಐದೂವರೆ ವರ್ಷಕ್ಕೆ ಡಬಲ್' ಎಂದು ಹಿರಿಯರು ಹೇಳಿದರೆ, ಅದು ನಿಜವೇ. 1988ರ ಕಿಸಾನ್ ವಿಕಾಸ ಪತ್ರ ಹಾಗಿತ್ತು. ಬಡ್ಡಿ ಶೇ 13 ದಾಟುತ್ತಿತ್ತು. ಆದರೆ 1991ರಲ್ಲಿ ಬೆಲೆ ಏರಿಕೆಯೂ ಶೇ 13ರ ಮೇಲೇ ಇತ್ತು.

ನಿಮ್ಮ 10 ಲಕ್ಷ ಎಲ್ಲಿದೆ ಎಂದು ಬರೆದಿಲ್ಲ. ಎಫ್‌ಡಿಯಲ್ಲಿದ್ದರೆ ಬಡ್ಡಿಯಲ್ಲಿ ಮೊದಲು ತೆರಿಗೆ ಕಳೆಯಿರಿ, ಆಮೇಲೆ ಬೆಲೆ ಏರಿಕೆ ಕಳೆಯಿರಿ. ಉಳಿದದ್ದು ಮಾತ್ರ ಲಾಭ. ನನ್ನ ಎಫ್‌ಡಿಯಲ್ಲಿ ಹಾಗೆ ಕಳೆದಾಗ ಉಳಿದದ್ದು ಶೇ ಅರ್ಧಕ್ಕೂ ಕಮ್ಮಿ.